ಕಡಲು ಕೆಂಪಾದಾಗ ಏನು ಹಿಡಿಯಬಹುದು, ಏನು ಬಿಡಬೇಕು

ರೆಡ್ ಟೈಡ್ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ನೀರಲ್ಲಿ ವಿಪರೀತ ಹೆಚ್ಚಾಗುವುದು. ಆಗ ಕಡಲು ಕೆಂಪು, ಕಂದು, ಕೆಲವು ಸಲ ಹಸಿರಾಗಿಯೂ ಕಾಣುತ್ತದೆ. ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಕೆಂಪು ನೀರಲ್ಲಿ ವಿಷವೇ ಇಲ್ಲದಿರಬಹುದು, ಆದರೆ ಅಲೆಕ್ಸಾಂಡ್ರಿಯಂ ತರಹದ ಪಾಚಿ ಇದ್ದರೆ ನೀರು ತಿಳಿಯಾಗಿ ಕಾಣುವಾಗಲೇ ಚಿಪ್ಪಿನೊಳಗೆ ವಿಷ ಸೇರಿರುತ್ತದೆ.

ಜೀವಕ್ಕೆ ಕುತ್ತು ಜಾಸ್ತಿ ಇರುವುದು ಈ ಚಿಪ್ಪುಗಳಲ್ಲೇ. ಪಚ್ಚಿಲೆ, ಮರುವಾಯಿ, ಸಿಂಪಿ ಎಲ್ಲವೂ ನೀರು ಸೋಸಿ ತಿನ್ನುತ್ತವೆ. ಪಾಚಿಯ ವಿಷ ಮೈಯೊಳಗೆ ತುಂಬಿಕೊಂಡರೂ ಆರಾಮಾಗಿ ಬದುಕಿರುತ್ತವೆ. ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಕುದಿಸಿ, ಹುರಿಯಿರಿ, ಫ್ರೀಜರ್‌ನಲ್ಲಿಡಿ, ಸ್ಯಾಕ್ಸಿಟಾಕ್ಸಿನ್ ಎಂಬ ಈ ಪಾಚಿ ವಿಷ ಜಗ್ಗುವುದಿಲ್ಲ. ಹಲವು ದೇಶಗಳಲ್ಲಿ 100 ಗ್ರಾಂ ಮಾಂಸದಲ್ಲಿ ಅದು 80 ಮೈಕ್ರೋಗ್ರಾಂ ದಾಟಿದರೆ ಆ ಜಾಗದಲ್ಲಿ ಚಿಪ್ಪು ತೆಗೆಯುವುದನ್ನೇ ನಿಲ್ಲಿಸುತ್ತಾರೆ. ಅದನ್ನು ಅಳೆಯಲು ಲ್ಯಾಬೇ ಬೇಕು. ಹಾಗಾಗಿ ಹೊರಡುವ ಮೊದಲು ಮೀನುಗಾರಿಕೆ ಇಲಾಖೆಯ ಪ್ರಕಟಣೆ ನೋಡಿ. ಚಿಪ್ಪು ತಿಂದ ಮೇಲೆ ತುಟಿ, ನಾಲಿಗೆ ಜುಮ್ಮೆನ್ನಲು ಶುರುವಾದರೆ ‘ನೋಡೋಣ’ ಅಂತ ಕೂರದೆ ಸೀದಾ ಆಸ್ಪತ್ರೆಗೆ ಹೋಗಿ. ಇದಕ್ಕೆ ಮದ್ದಿಲ್ಲ, ಉಸಿರು ನಿಲ್ಲದಂತೆ ನೋಡಿಕೊಂಡೇ ಡಾಕ್ಟರು ಉಳಿಸಬೇಕು.

ಮೀನಿನ ಕಥೆ ಸ್ವಲ್ಪ ಬೇರೆ. ವಿಷ ಹೆಚ್ಚಾಗಿ ಕರುಳು, ಪಿತ್ತಜನಕಾಂಗಗಳಲ್ಲಿ (ಲಿವರ್) ನಿಲ್ಲುತ್ತದೆ, ಮಾಂಸದಲ್ಲಿ ಕಡಿಮೆ. ಹಿಡಿದಾಗ ಚುರುಕಾಗಿದ್ದ ಮೀನಿನ ಹೊಟ್ಟೆಭಾಗ ಪೂರ್ತಿ ತೆಗೆದು, ತೊಳೆದು, ಬರೀ ಮಾಂಸ ಇಟ್ಟುಕೊಳ್ಳಿ. ಏಡಿಯ ಒಳಗಿನ ಹಳದಿ ಭಾಗ ಬಿಸಾಡಿ. ಸತ್ತು ತೇಲುವ ಅಥವಾ ತಲೆ ತಿರುಗಿದಂತೆ ಸುತ್ತುವ ಮೀನು ಸುಮ್ನೆ ಸಿಕ್ಕಿತು ಅಂತ ತರಬೇಡಿ, ನಾಯಿಗೂ ಹಾಕಬೇಡಿ.

ಪಂಜರದಲ್ಲಿ ಮೀನು ಸಾಕುವವರಿಗೆ ಹೊಡೆತ ದೊಡ್ಡದು. ಹೊರಗಿನ ಮೀನು ಓಡಿಹೋಗಬಹುದು, ಪಂಜರದ್ದು ಎಲ್ಲಿಗೆ ಹೋಗಬೇಕು? 2016ರಲ್ಲಿ ಚಿಲಿಯ ಸಾಲ್ಮನ್ ಸಾಕಣೆಯಲ್ಲಿ ಪಾಚಿಯಿಂದ ಸಾವಿರಾರು ಟನ್ ಮೀನು ಸತ್ತವು. ಕೆಲವು ಪಾಚಿ ಕಿವಿರಿಗೇ ಗಾಯ ಮಾಡುತ್ತವೆ. ಜೊತೆಗೆ ರಾತ್ರಿ ಪಾಚಿಯೂ ಆಮ್ಲಜನಕ ಬಳಸುತ್ತದೆ, ಸತ್ತ ಪಾಚಿ ಕೊಳೆಯುವಾಗ ಇನ್ನಷ್ಟು ಖಾಲಿಯಾಗುತ್ತದೆ. ಬೆಳಗಾಗುವ ಮುಂಚಿನ ಹೊತ್ತೇ ಕಷ್ಟದ್ದು, ಆಮ್ಲಜನಕ ಆಗಲೇ ಅಳೆಯಿರಿ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಆಗಲೇ ತಡವಾಗಿದೆ ಅಂತಲೇ ಲೆಕ್ಕ. ಪಾಚಿ ಬರುತ್ತಿದೆ ಎಂಬ ಸುದ್ದಿ ಸಿಕ್ಕಾಗಲೇ ಮೇವು ನಿಲ್ಲಿಸಿ. ತಿಂದ ಮೀನಿಗೆ ಆಮ್ಲಜನಕ ಜಾಸ್ತಿ ಬೇಕು, ತಿನ್ನಲು ಮೇಲೆ ಬಂದರೆ ಪಾಚಿ ದಟ್ಟವಾಗಿರುವ ಪದರಕ್ಕೇ ಸಿಕ್ಕಿಬೀಳುತ್ತದೆ. ಸಾಧ್ಯವಾದರೆ ಪಂಜರ ಎಳೆದು ಬೇರೆ ಕಡೆ ಒಯ್ಯಿರಿ, ಇಲ್ಲವೇ ಮಾರುವ ಗಾತ್ರಕ್ಕೆ ಬಂದಿದ್ದರೆ ಬೇಗ ಹಿಡಿದುಬಿಡಿ.

ಮೆಕ್ಸಿಕೋ ಕೊಲ್ಲಿಯ ಕರೇನಿಯಾ ಬ್ರೆವಿಸ್ ಎಂಬ ಪಾಚಿ ಗಾಳಿಯನ್ನೂ ಕೆಡಿಸುತ್ತದೆ. ಅಲೆ ಒಡೆದಾಗ ವಿಷ ತುಂತುರಿನ ಜೊತೆ ಹಾರಿ ದಡದಲ್ಲಿದ್ದವರಿಗೂ ಕೆಮ್ಮು ತರುತ್ತದೆ. ಆಸ್ತಮಾ ಇರುವವರು ಅಂಥ ಕಡೆ ದೋಣಿ ಹತ್ತಲೇಬೇಡಿ.

ನಿಷೇಧ ತೆಗೆದಾಗ ಯಾವ ಚಿಪ್ಪಿಗೆ ಅಂತ ಸರಿಯಾಗಿ ಓದಿ. ಪಚ್ಚಿಲೆಯ ಜಾತಿಯವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ವಿಷ ಕಳೆದುಕೊಳ್ಳುತ್ತವೆ, ಉತ್ತರ ಪೆಸಿಫಿಕ್‌ನ ಬಟರ್ ಕ್ಲ್ಯಾಮ್ ಎಂಬ ಚಿಪ್ಪು ಎರಡು ವರ್ಷದವರೆಗೂ ಇಟ್ಟುಕೊಂಡಿರಬಲ್ಲದು.