ಪೂಡಲ್ ಸಾಕುವ ಮನೆಗೆ ಬಾಚಣಿಗೆಯೇ ಮೊದಲು

ಪೂಡಲ್ ನಾಯಿಯ ಕೂದಲು ಉದುರಲ್ಲ, ಸೋಫಾ ಮೇಲೆ ಒಂದೆಳೆಯೂ ಸಿಗಲ್ಲ ಎನ್ನುವ ಮಾತು ನಂಬಿ ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ತುಂಬ ಜನ ಅದನ್ನು ತರುತ್ತಿದ್ದಾರೆ. ಮಾತು ಅರ್ಧ ನಿಜ. ಅದರ ಕೂದಲೂ ಉದುರುತ್ತದೆ, ಆದರೆ ನೆಲಕ್ಕೆ ಬೀಳುವುದು ಕಡಿಮೆ. ಉದುರಿದ ಎಳೆ ಗುಂಗುರಿನ ಒಳಗೇ ಉಳಿದು, ಪಕ್ಕದ ಕೂದಲಿಗೆ ಸುತ್ತಿಕೊಂಡು ಸಿಕ್ಕಾಗುತ್ತದೆ. ಸಿಕ್ಕು ಬಿಡಿಸದಿದ್ದರೆ ಗಂಟಾಗುತ್ತದೆ. ಗಂಟುಗಳು ಒಂದಕ್ಕೊಂದು ಸೇರಿ ಜಡೆಗಟ್ಟಿದರೆ ಕೆಳಗಿನ ಚರ್ಮ ಸದಾ ಎಳೆದು ನೋಯುತ್ತದೆ, ಗಾಳಿಯಾಡದೆ ಹುಣ್ಣಾಗುತ್ತದೆ. ಅದಕ್ಕೇ ಕಿರಿಯರಿಗೆ ನಾನು ಹೇಳುವುದು ಇಷ್ಟು: ಬೇರೆ ನಾಯಿ ಸಾಕಿದವರು ಕಸ ಗುಡಿಸುವ ಹೊತ್ತನ್ನು ನೀವು ಬಾಚಣಿಗೆಗೆ ಕೊಡಬೇಕು. ದಿನಕ್ಕೆ ಹದಿನೈದು ನಿಮಿಷ ಆಗಲ್ಲ ಎನ್ನುವ ಮನೆಗೆ ಈ ಜಾತಿ ಬೇಡ.

ಅಲರ್ಜಿ ಇದ್ದವರಿಗೂ ಪೂಡಲ್ ಸರಿ ಎಂದು ಮಾರುವವರು ಹೇಳುತ್ತಾರೆ. ಅಲರ್ಜಿ ತರುವುದು ನಾಯಿಯ ಜೊಲ್ಲು, ಚರ್ಮದ ಹೊಟ್ಟು. ಅವೆರಡೂ ಇಲ್ಲದ ನಾಯಿ ಇಲ್ಲ. ಮನೆಯಲ್ಲಿ ಉಬ್ಬಸದವರಿದ್ದರೆ, ತರುವ ಮೊದಲು ಪೂಡಲ್ ಇರುವ ಮನೆಯಲ್ಲಿ ಎರಡು ಮೂರು ಸಲ ಹೋಗಿ ಕೂತು ನೋಡಲಿ.

ಬೇಕಾಗುವ ಸಾಮಾನು ಎರಡೇ. ಒಂದು ಸ್ಲಿಕರ್ ಬ್ರಷ್, ಅಂದರೆ ಬಗ್ಗಿದ ಸಣ್ಣ ತಂತಿಗಳಿರುವ ಚಪ್ಪಟೆ ಬ್ರಷ್. ಇನ್ನೊಂದು ಸ್ಟೀಲ್ ಬಾಚಣಿಗೆ, ಅರ್ಧ ಬಿಡಿ ಹಲ್ಲು ಅರ್ಧ ಒತ್ತು ಹಲ್ಲು ಇರುವುದು. ಬ್ರಷ್ ಸಿಕ್ಕು ಬಿಡಿಸುತ್ತದೆ, ಬಾಚಣಿಗೆ ಅದು ನಿಜವಾಗಿ ಬಿಟ್ಟಿದೆಯಾ ಎಂದು ಹೇಳುತ್ತದೆ. ತುಂಬ ಜನ ಬ್ರಷ್ಷನ್ನು ಮೇಲೆ ಮೇಲೆ ಆಡಿಸಿ, ನಾಯಿ ಹತ್ತಿಯ ಉಂಡೆ ಹಾಗೆ ಉಬ್ಬಿದ್ದು ನೋಡಿ ಮುಗಿಯಿತು ಎಂದುಕೊಳ್ಳುತ್ತಾರೆ. ಕೈಬೆರಳು ಒಳಗೆ ಬಿಟ್ಟರೆ ಗೊತ್ತಾಗುತ್ತದೆ, ಚರ್ಮದ ಹತ್ತಿರ ಎಲ್ಲ ಕೂಡಿಕೊಂಡಿರುತ್ತದೆ.

ಸರಿಯಾದ ಕ್ರಮ ಹೀಗೆ. ನಾಯಿಯನ್ನು ಮಗ್ಗುಲಾಗಿ ಮಲಗಿಸಿಕೊಳ್ಳಿ. ನೀರಿಗೆ ಸ್ವಲ್ಪ ನಾಯಿ ಕಂಡಿಷನರ್ ಬೆರೆಸಿ ತೆಳ್ಳಗೆ ಸ್ಪ್ರೇ ಮಾಡಿ, ಪೂರ್ತಿ ಒಣ ಕೂದಲು ಬ್ರಷ್ಷಿಗೆ ಮುರಿಯುತ್ತದೆ. ಕಾಲಿನ ಕೆಳಭಾಗದಿಂದ ಶುರು ಮಾಡಿ. ಎಡಗೈಯಲ್ಲಿ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದರೆ ಅಡಿಯಲ್ಲಿ ಚರ್ಮ ಒಂದು ಗೆರೆಯಷ್ಟು ಕಾಣಬೇಕು. ಆ ಗೆರೆಯ ಕೂದಲನ್ನು ಮಾತ್ರ ಬ್ರಷ್ ಮಾಡಿ, ಇನ್ನೊಂದಿಷ್ಟು ಕೂದಲು ಕೆಳಗೆ ಬಿಡಿ, ಮತ್ತೆ ಗೆರೆ, ಮತ್ತೆ ಬ್ರಷ್. ಹೀಗೆ ಮೇಲಕ್ಕೆ ಹೋಗಬೇಕು. ಗುಂಗುರು ಕೂದಲಿನ ಹೆಣ್ಣುಮಕ್ಕಳಿಗೆ ತಲೆ ಬಾಚುವಾಗ ತುದಿಯಿಂದ ಬಿಡಿಸುತ್ತಾ ಬುಡಕ್ಕೆ ಹೋಗುತ್ತೇವಲ್ಲ, ಕೈ ಅದೇ ರೀತಿ ಓಡಲಿ. ಎಷ್ಟು ಒತ್ತಬೇಕು ಎಂದು ಗೊತ್ತಾಗದಿದ್ದರೆ ಮೊದಲು ನಿಮ್ಮ ಮುಂಗೈಯ ಒಳಬದಿಗೆ ಬ್ರಷ್ ಎಳೆದುಕೊಳ್ಳಿ. ಅಲ್ಲಿ ಉರಿದರೆ ನಾಯಿಗೂ ಉರಿಯುತ್ತದೆ. ಕೊನೆಗೆ ಬಾಚಣಿಗೆಯನ್ನು ಬುಡಕ್ಕಿಟ್ಟು ಎಳೆಯಿರಿ. ಎಲ್ಲೂ ತಡೆಯದೆ ಹೊರಗೆ ಬಂದರೆ ಆ ಜಾಗದ ಕೆಲಸ ಮುಗಿದ ಹಾಗೆ.

ಸಿಕ್ಕು ಎಲ್ಲ ಕಡೆಗೂ ಒಂದೇ ಸಮ ಬರುವುದಿಲ್ಲ. ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ, ಬೆಲ್ಟ್ ಉಜ್ಜುವ ಕಡೆ ಜಾಸ್ತಿ. ಬಿಡುವಿಲ್ಲದ ದಿನ ಇಷ್ಟು ಜಾಗ ನೋಡಿದರೂ ಸಾಕು. ನಮ್ಮ ಮನೆಯ ಪೂಡಲ್ ಬೆಲ್ಲನಿಗೆ ಎಡಗಿವಿಯ ಹಿಂದೆಯೇ ಮೊದಲು ಗಂಟು ಬೀಳುತ್ತದೆ, ಏಕೆಂದರೆ ಅವನು ಕೆರೆದುಕೊಳ್ಳುವುದು ಆ ಕಡೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಎರಡು ಬೆರಳ ನಡುವೆ ಕಿವಿಯ ಬುಡ ಹಿಡಿದು ಸವರಿದರೆ ಕಡಲೆಕಾಳಿನಷ್ಟು ಗಟ್ಟಿ ಸಿಗುತ್ತದೆ. ಅವತ್ತೇ ಬಿಡಿಸಿದರೆ ಒಂದು ನಿಮಿಷದ ಕೆಲಸ. ಇನ್ನೊಂದು ಮಾತು, ವಾಕಿಂಗ್ ಮುಗಿಸಿ ಬಂದ ತಕ್ಷಣ ಹಾರ್ನೆಸ್, ಅಂದರೆ ಎದೆಗೆ ಸುತ್ತಿ ಕಟ್ಟುವ ಪಟ್ಟಿ, ಬಿಚ್ಚಿಡಿ. ಚಂದ ಕಾಣುತ್ತದೆಂದು ದಿನವಿಡೀ ಸ್ವೆಟರ್ ತೊಡಿಸಬೇಡಿ. ಉಜ್ಜಿ ಉಜ್ಜಿ ಗಂಟಾಗುವುದು ಅದರಿಂದಲೇ.

ಗಂಟು ಬಿದ್ದೇಬಿಟ್ಟರೆ ಕತ್ತರಿ ತರಬೇಡಿ. ಗಂಟನ್ನು ಎಳೆದಾಗ ಕೆಳಗಿನ ಚರ್ಮವೂ ಜೊತೆಗೆ ಎದ್ದು ಬರುತ್ತದೆ. ಕೂದಲು ಎಂದುಕೊಂಡು ಕತ್ತರಿಸಿದ್ದು ಚರ್ಮವಾಗಿ, ಹೊಲಿಗೆ ಹಾಕಿಸಿಕೊಂಡು ಬಂದ ನಾಯಿಗಳಿವೆ. ಗಂಟಿನ ಬುಡವನ್ನು ಬೆರಳಲ್ಲಿ ಬಿಗಿಯಾಗಿ ಹಿಡಿಯಿರಿ, ಆಗ ಚರ್ಮಕ್ಕೆ ಎಳೆತ ತಾಗುವುದಿಲ್ಲ. ಚೂರು ಕಾರ್ನ್‌ಫ್ಲೋರ್ ಉದುರಿಸಿ, ಬೆರಳಿನಿಂದಲೇ ಅಡ್ಡಡ್ಡ ಬಿಡಿಸಿ, ಆಮೇಲೆ ಬಾಚಣಿಗೆಯ ತುದಿಹಲ್ಲಿನಿಂದ ಹೊರಗಿನಿಂದ ಒಳಕ್ಕೆ ಬನ್ನಿ. ಮೈತುಂಬ ಜಡೆಗಟ್ಟಿದ್ದರೆ ಬಿಡಿಸುವ ಹಟ ಬೇಡ. ಗಂಟೆಗಟ್ಟಲೆ ಎಳೆಸಿಕೊಂಡ ನಾಯಿ ಮುಂದೆ ಬ್ರಷ್ ಕಂಡರೆ ಕಚ್ಚಲು ಬರುತ್ತದೆ. ನಾಯಿಯ ಕೂದಲು ಕತ್ತರಿಸುವ ಗ್ರೂಮರ್ ಹತ್ತಿರ ಮಷಿನ್‌ನಲ್ಲಿ ಗಿಡ್ಡ ಮಾಡಿಸಿ, ಪೂಡಲ್ ಕೂದಲು ಬೆಳೆಯುತ್ತಲೇ ಇರುತ್ತದೆ, ಮತ್ತೆ ಬರುತ್ತದೆ.

ಇನ್ನು ಸ್ನಾನ. ಮೂರು ನಾಲ್ಕು ವಾರಕ್ಕೊಂದು ಸಾಕು. ಸ್ನಾನಕ್ಕೆ ಮೊದಲು ಪೂರ್ತಿ ಬಾಚಿರಲೇಬೇಕು. ಇದೊಂದು ನಿಯಮ ಎಂದೂ ತಪ್ಪಿಸಬೇಡಿ. ನೀರು ಬಿದ್ದ ಸಿಕ್ಕು ಒಣಗುವಾಗ ಬಿಗಿದು ಗಟ್ಟಿಯಾಗುತ್ತದೆ, ಆಮೇಲೆ ಬಿಡಿಸುವುದು ಯಾರಿಂದಲೂ ಆಗದು. ಶ್ಯಾಂಪೂ ನಾಯಿಯದ್ದೇ ಇರಲಿ. ನಮ್ಮ ಚರ್ಮದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5.5ರ ಹತ್ತಿರ, ನಾಯಿಯದು ಅದಕ್ಕಿಂತ ಮೇಲೆ, 7ರ ಆಸುಪಾಸು. ನಮ್ಮ ಶ್ಯಾಂಪೂ ಹಾಕುತ್ತಾ ಹೋದರೆ ಚರ್ಮ ಒಣಗಿ ಕೆರೆತ ಶುರುವಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ನೊರೆ ಬರಲಿಲ್ಲವೆಂದು ಶ್ಯಾಂಪೂ ಸುರಿಯುತ್ತಾ ಹೋಗಬೇಡಿ. ಒಂದು ಮಗ್ ಉಗುರುಬೆಚ್ಚಗಿನ ನೀರಿಗೆ ಬೆರೆಸಿ ಹಚ್ಚಿದರೆ ದಟ್ಟ ಕೂದಲಿನ ಬುಡಕ್ಕೂ ಇಳಿಯುತ್ತದೆ, ತೊಳೆಯುವುದೂ ಸುಲಭ. ಇನ್ನು ಸಾಕು ಅನ್ನಿಸಿದ ಮೇಲೆ ಮತ್ತೆರಡು ಚೊಂಬು ನೀರು ಹಾಕಿ.

ಎಣ್ಣೆಸ್ನಾನದ ಅಭ್ಯಾಸವಿರುವ ನಮ್ಮಂಥ ಮನೆಗಳಲ್ಲಿ ನಾಯಿಗೂ ಎಣ್ಣೆ ಹಚ್ಚೋಣ ಅನ್ನಿಸುತ್ತದೆ, ಅಲ್ವಾ? ಗುಂಗುರು ಕೂದಲಿಗೆ ಹರಳೆಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಧೂಳು ಅಂಟಿ ಸಿಕ್ಕು ಇನ್ನೂ ಜಾಸ್ತಿಯಾಗುತ್ತದೆ, ನೆಕ್ಕಿಕೊಂಡರೆ ಹೊಟ್ಟೆ ಕೆಡುತ್ತದೆ. ಸೀಗೆಪುಡಿ ಕಣ್ಣಿಗೆ ಬಿದ್ದರೆ ಉರಿ, ಅದರ ನುಚ್ಚು ಗುಂಗುರಿನಲ್ಲಿ ಕೂತರೆ ತೊಳೆದರೂ ಹೋಗದು. ಟೀ ಟ್ರೀ ಎಣ್ಣೆಯಂತೂ ನಾಯಿಗೆ ವಿಷ, ಬಾಟಲಿಯ ಮೇಲೆ ಏನೇ ಬರೆದಿರಲಿ.

ಸ್ನಾನವಾದ ಮೇಲೆ ಟವೆಲ್‌ನಲ್ಲಿ ಗಸಗಸ ಉಜ್ಜಬೇಡಿ, ಒತ್ತಿ ಒತ್ತಿ ನೀರು ತೆಗೆಯಿರಿ. ಬಿಸಿಲಲ್ಲಿ ತಾನಾಗಿ ಒಣಗಲಿ ಎಂದು ಬಿಟ್ಟರೆ ಗುಂಗುರು ಬಿಗಿದು, ಬುಡದಲ್ಲಿ ತೇವ ಉಳಿದು ವಾಸನೆ ಬರುತ್ತದೆ. ಡ್ರೈಯರ್ ಕಡಿಮೆ ಬಿಸಿಯಲ್ಲಿಟ್ಟು, ಗಾಳಿ ಬೀಳುವ ಜಾಗವನ್ನು ಅದೇ ಹೊತ್ತಿಗೆ ಬ್ರಷ್ ಮಾಡುತ್ತಾ ಒಣಗಿಸಿ. ಗಾಳಿ ಮುಖಕ್ಕೆ ನೇರ ಹೊಡೆಯದಿರಲಿ.

ಕಿವಿ ಮರೆಯಬಾರದು. ಪೂಡಲ್‌ನ ಕಿವಿ ಜೋಲು, ಒಳಗೂ ಕೂದಲು ಬೆಳೆಯುತ್ತದೆ. ತೇವ ನಿಂತರೆ ಸೋಂಕು. ಸ್ನಾನದ ನಂತರ ಕಿವಿಯ ಒಳಮಡಿಕೆಯನ್ನು ಒಣ ಹತ್ತಿಯಲ್ಲಿ ಒರೆಸಿ, ಬಡ್ಸ್ ಒಳಗೆ ತೂರಿಸಬೇಡಿ. ಒಳಗಿನ ಕೂದಲು ಕಿತ್ತೇ ತೀರಬೇಕು ಎಂದು ಕೆಲವರು ಹೇಳುತ್ತಾರೆ. ಆರೋಗ್ಯವಾಗಿರುವ ಕಿವಿಯ ಕೂದಲನ್ನು ಸುಮ್ನೆ ಕೀಳುವುದರಿಂದಲೇ ಉರಿಯೂತ ಬರಬಹುದು, ಕಂದು ಮೇಣ, ಕೆಟ್ಟ ವಾಸನೆ, ತಲೆ ಕೊಡವುವುದು ಕಂಡರೆ ಮಾತ್ರ ಡಾಕ್ಟರನ್ನು ಕೇಳಿ.

ಮಳೆಗಾಲದಲ್ಲಿ ಉಣ್ಣಿ ಕಾಟ. ಗುಂಗುರು ಕೂದಲಲ್ಲಿ ಉಣ್ಣಿ ರಕ್ತ ಕುಡಿದು ದಪ್ಪಗಾಗುವವರೆಗೂ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ವಾಕಿಂಗ್‌ನಿಂದ ಬಂದ ಮೇಲೆ ಬೆರಳ ಸಂದಿ, ಕಿವಿಯ ಮಡಿಕೆ, ಕುತ್ತಿಗೆ, ಬಾಲದ ಅಡಿ ಮುಟ್ಟಿ ನೋಡಿ. ಉಣ್ಣಿ ಜ್ವರ ನಾಯಿಯ ಪ್ರಾಣ ತೆಗೆಯುವಂಥದ್ದು. ಊಟ ಬಿಟ್ಟು ಮಂಕಾಗಿ, ಒಸಡು ಬಿಳಿಚಿದರೆ ಅವತ್ತೇ ಡಾಕ್ಟರ ಹತ್ತಿರ ಓಡಿ. ನೀರಿಗೆ ಬೆರೆಸಿ ಹಚ್ಚುವ ಉಣ್ಣಿ ಔಷಧಿಯನ್ನು ಅಂದಾಜಿನಲ್ಲಿ ಹಾಕಬೇಡಿ, ಅಳತೆ ತಪ್ಪಿದರೆ ಅದೇ ವಿಷ. ಪಾದದಡಿಯ ಕೂದಲು ಗಿಡ್ಡವಿದ್ದರೆ ಕೆಸರೂ ಮೆತ್ತುವುದಿಲ್ಲ, ಟೈಲ್ಸ್ ಮೇಲೆ ಜಾರುವುದೂ ಇಲ್ಲ.

ಪೂಡಲ್ ಮೊದಲು ಯುರೋಪಿನಲ್ಲಿ ಬೇಟೆಗಾರರು ಹೊಡೆದ ಬಾತುಗಳನ್ನು ನೀರಿಂದ ಎತ್ತಿ ತರುತ್ತಿದ್ದ ನಾಯಿ. ಈಜಲು ಹಗುರವಾಗಲೆಂದು ಹಿಂಭಾಗ ಬೋಳಿಸಿ, ಚಳಿ ತಾಗದಿರಲೆಂದು ಎದೆಗೂ ಕೀಲುಗಳಿಗೂ ಕೂದಲು ಬಿಡುತ್ತಿದ್ದರು. ಪ್ರದರ್ಶನಗಳಲ್ಲಿ ಕಾಣುವ ಆ ಕಟಿಂಗ್ ಮನೆಯ ನಾಯಿಗೆ ಬೇಕಿಲ್ಲ. ಮೈಯೆಲ್ಲ ಒಂದೇ ಸಮ, ಅರ್ಧ ಇಂಚಿನಿಂದ ಒಂದು ಇಂಚು ಇಡಿಸಿ, ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿಸಿ. ಬೇಸಿಗೆಯೆಂದು ಚರ್ಮ ಕಾಣುವಷ್ಟು ಬೋಳಿಸಿದರೆ ಬಿಸಿಲಿಗೆ ಮೈ ಸುಡುತ್ತದೆ. ಗ್ರೂಮರ್‌ಗೆ "ಚೆನ್ನಾಗಿ ಮಾಡಿ" ಎಂದಷ್ಟೇ ಹೇಳಿ ಬರಬೇಡಿ. ಉದ್ದ ಎಷ್ಟು ಎಂದು ಬೆರಳಲ್ಲಿ ತೋರಿಸಿ, ಸಾಧ್ಯವಾದರೆ ಮೊದಲ ಸಲ ಪಕ್ಕದಲ್ಲೇ ನಿಂತಿರಿ. ಮಷಿನ್ ಬ್ಲೇಡ್ ಓಡುತ್ತಾ ಬಿಸಿಯಾಗುತ್ತದೆ, ಆಗಾಗ ಮುಟ್ಟಿ ನೋಡುವ ಗ್ರೂಮರ್ ಕೈ ನಂಬಬಹುದು. ಹೊಟ್ಟೆ, ತೊಡೆಸಂದಿಯ ಚರ್ಮ ತೆಳುವಾದ್ದರಿಂದ ಬೇಗ ಸುಡುವುದು ಅಲ್ಲೇ.

ಮರಿ ತಂದ ಮೊದಲ ವಾರದಿಂದಲೇ ದಿನಾ ಎರಡು ನಿಮಿಷ ಪಾದ, ಕಿವಿ, ಗದ್ದ ಮುಟ್ಟಿ, ಬ್ರಷ್ ತೋರಿಸಿ, ಒಂದು ಚೂರು ಕ್ಯಾರೆಟ್ ಕೊಡಿ. ಸುಮಾರು 9 ತಿಂಗಳಿಂದ ಒಂದೂವರೆ ವರ್ಷದ ನಡುವೆ ಮರಿಯ ಮೆತ್ತನೆ ಕೂದಲು ಹೋಗಿ ದೊಡ್ಡ ನಾಯಿಯ ಒರಟು ಗುಂಗುರು ಬರುತ್ತದೆ. ಆ ತಿಂಗಳುಗಳಲ್ಲಿ ನಿನ್ನೆ ಬಾಚಿದ ಕಡೆ ಇವತ್ತು ಮತ್ತೆ ಗಂಟು. ತುಂಬ ಜನ ಕೈಚೆಲ್ಲುವುದು ಆಗಲೇ. ಗಿಡ್ಡ ಮಾಡಿಸಿಕೊಂಡು ದಾಟಿಬಿಡಿ, ಆಮೇಲೆ ಇಷ್ಟು ಕಷ್ಟವಿಲ್ಲ.

ಬಾಚುವಾಗ ಹೊಟ್ಟು ಅಂಟಿದ ಕೂದಲು ಗುಪ್ಪೆಗುಪ್ಪೆಯಾಗಿ ಬಂದರೆ, ಬೆನ್ನ ಮೇಲೆ ತೆಳುವಾದರೆ ಅದು ಬ್ರಷ್ಷಿನ ತಪ್ಪಲ್ಲ, ಡಾಕ್ಟರಿಗೆ ತೋರಿಸಿ. ದೊಡ್ಡ ಜಾತಿಯ ಪೂಡಲ್‌ಗಳಲ್ಲಿ ಚರ್ಮದ ಎಣ್ಣೆಗ್ರಂಥಿಗಳೇ ನಾಶವಾಗುವ ಕಾಯಿಲೆಯೊಂದಿದೆ, ಬೇಗ ಗೊತ್ತಾದಷ್ಟೂ ಒಳ್ಳೆಯದು. ನಾಯಿಗೆ ವಯಸ್ಸಾದ ಮೇಲೆ ಚಂದದ ಆಸೆ ಬಿಟ್ಟು ಗಿಡ್ಡವಾಗಿಯೇ ಇಡಿ. ಅದನ್ನು ಮೇಜಿನ ಮೇಲೆ ನಿಲ್ಲಿಸಬೇಡಿ, ಕಾಲು ನಡುಗುತ್ತದೆ. ನೆಲದಲ್ಲಿ ಚಾಪೆ ಹಾಸಿ, ಮಲಗಿದ ಹಾಗೇ ಬಾಚಿ. ಇವತ್ತು ಮುಖ, ನಾಳೆ ಕಾಲು ಎಂದು ಹಂಚಿಕೊಂಡು ಮಾಡಿದರೂ ನಡೆಯುತ್ತದೆ.