ಚಿಟ್ಟಿಲಿಯ ಬಾಲದಲ್ಲಿ ಹುಡುಕಿದ ಜೀನ್

ಮೈಸೂರಿನ ಲ್ಯಾಬಿನಲ್ಲಿ ನಾನು ಮಾಡುವ ಕೆಲಸದಲ್ಲಿ ವೈರಸ್ ಇಲ್ಲ, ಚಿಟ್ಟಿಲಿಯ, ಅಂದರೆ ಸಣ್ಣ ಮನೆ ಇಲಿಯ ಡಿಎನ್‌ಎ ಅಷ್ಟೇ. ಮಂಡ್ಯ ಕಡೆ ಗದ್ದೆ ಜಾಸ್ತಿ, ಸೊಳ್ಳೆ ಜಾಸ್ತಿ. ಸೊಳ್ಳೆಯಿಂದ ಹರಡುವ ವೈರಸ್ ಕಾಯಿಲೆ ಮೆದುಳು ಜ್ವರದ ಹೆಸರು ಕೇಳದವರಿಲ್ಲ. ಅಲ್ಲಿನ ಮನೆ ಇಲಿಗಳಲ್ಲಿ ಇಂಥ ವೈರಸ್ ತಡೆಯುವ ಜೀನ್ ಸರಿಯಾಗಿದೆಯಾ ಅಂತ ನೋಡಬೇಕಿತ್ತು.

ಆ ಜೀನ್ ಓಎಎಸ್1ಬಿ. ಹಳದಿ ಜ್ವರದ ವೈರಸ್ಸನ್ನು ಕೆಲವು ಇಲಿಗಳು ತಡೆದುಕೊಳ್ಳುವುದು ಒಂದೇ ಜೀನಿನಿಂದ ಅಂತ 1952ರಲ್ಲೇ ಆಲ್ಬರ್ಟ್ ಸೇಬಿನ್ ತೋರಿಸಿದ್ದರು, ಅದೇ ಪೋಲಿಯೋ ಹನಿಯ ಸೇಬಿನ್. ಅದು ಯಾವ ಜೀನ್ ಅಂತ ಗೊತ್ತಾಗಿದ್ದು 2002ರಲ್ಲಿ. ಲ್ಯಾಬಿನಲ್ಲಿ ಸಾಕುವ ಹೆಚ್ಚಿನ ಇಲಿ ತಳಿಗಳಲ್ಲಿ ಅದರ ಡಿಎನ್‌ಎಯ ಒಂದು ‘ಸಿ’ ಅಕ್ಷರ ‘ಟಿ’ ಆಗಿದೆ. ಅದರಿಂದ ಪ್ರೋಟೀನ್ ತಯಾರಿ ನಡುವೆಯೇ ನಿಂತುಬಿಡುತ್ತದೆ.

ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಮೇಲೆ ಮಂಡ್ಯ ಹತ್ತಿರದ ಅಕ್ಕಿ ಗಿರಣಿಯೊಂದರಲ್ಲಿ ಬೋನು ಇಟ್ಟೆವು. ಕೊಬ್ಬರಿ ಚೂರಿಗೆ ಬೀಳದ ಇಲಿ ಇಲ್ಲ. ಆದರೆ ಗದ್ದೆಯ ಇಲಿಯೂ ಬೀಳುತ್ತದೆ. ಅದರ ಹೊಟ್ಟೆ ಬೆಳ್ಳಗೆ, ಬಾಲ ಮೈಗಿಂತ ಗಿಡ್ಡ. ಅದನ್ನು ಬಿಟ್ಟುಬಿಡುತ್ತಿದ್ದೆ. ಕೈಗವಸು ಇಲ್ಲದೆ ಮುಟ್ಟಬಾರದು, ಇಲಿ ಜ್ವರದ ಭಯ ಇದ್ದೇ ಇರುತ್ತದೆ.

ಬಾಲದ ತುದಿಯ ಚೂರನ್ನು ಪ್ರೋಟೀನ್ ಕರಗಿಸುವ ಕಿಣ್ವ ಪ್ರೋಟೀನೇಸ್ ಕೆ ಹಾಕಿ 55 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಕರಗಿರುತ್ತದೆ, ಕೂದಲು ಮಾತ್ರ ತಳದಲ್ಲಿ. ಉಪ್ಪು ಹಾಕಿ, ಯಂತ್ರದಲ್ಲಿ ಜೋರಾಗಿ ತಿರುಗಿಸಿ, ತಿಳಿಯನ್ನು ಬೇರೆ ಟ್ಯೂಬಿಗೆ ತೆಗೆದು ತಣ್ಣನೆ ಎಥನಾಲ್ ಹಾಕಿ ಮೆಲ್ಲಗೆ ತಲೆಕೆಳಗು ಮಾಡಿದರೆ ಬಿಳಿ ನೂಲಿನ ಎಳೆಯಂತೆ ಡಿಎನ್‌ಎ ಸುತ್ತಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ಖುಷಿ.

ಕಷ್ಟ ಇರುವುದು ಬೇಕಾದ ಡಿಎನ್‌ಎ ತುಂಡನ್ನಷ್ಟೇ ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ನಲ್ಲಿ. ಇಲಿಯಲ್ಲಿ ಓಎಎಸ್1 ಜೀನುಗಳೇ ಎಂಟು, ‘ಎ’ಯಿಂದ ‘ಎಚ್’ವರೆಗೆ, ಒಂದರಂತೆ ಇನ್ನೊಂದು. ನಕಲು ಎಲ್ಲಿಂದ ಶುರು ಅಂತ ಗುರುತಿಸುವ ಡಿಎನ್‌ಎ ಚೂರು, ಅಂದರೆ ಪ್ರೈಮರ್, ಪಕ್ಕದ ಜೀನಿಗೆ ಅಂಟಿದರೂ ನಕಲನ್ನು ತೋರಿಸುವ ಜೆಲ್ಲಿನಲ್ಲಿ ಬ್ಯಾಂಡ್ (ಗೆರೆ) ಚೆನ್ನಾಗಿಯೇ ಕಾಣುತ್ತದೆ! ಹಾಗಾಗಿ ಪ್ರೋಟೀನಿನ ಸೂಚನೆ ಇರುವ ಎಕ್ಸಾನಿನ ಆಚೀಚೆ, ಆ ಸೂಚನೆ ಇಲ್ಲದ, ಜೀನುಗಳು ಹೋಲದ ಇಂಟ್ರಾನಿನಲ್ಲಿ ಪ್ರೈಮರ್ ಆರಿಸಿದೆ. ಲ್ಯಾಬಿನ ಬಿಳಿ ಇಲಿಯ ಡಿಎನ್‌ಎ ಜೊತೆಗಿಟ್ಟು ಸೀಕ್ವೆನ್ಸ್ ಮಾಡಿಸಿದೆ, ಅಂದರೆ ಅಕ್ಷರಗಳನ್ನು ಓದಿಸಿದೆ. ಬಿಳಿ ಇಲಿಯಲ್ಲಿ ‘ಟಿ’. ಗಿರಣಿಯ ಇಲಿಗಳಲ್ಲಿ ‘ಸಿ’, ಅಂದರೆ ಆ ಜಾಗ ಕೆಟ್ಟಿಲ್ಲ.

ನನ್ನ ಪ್ರಕಾರ ವೈರಸ್ ತಡೆಯುವ ಈ ಗುಣವನ್ನು ವಿಶೇಷ ಶಕ್ತಿ ಅನ್ನುವುದೇ ತಪ್ಪು. ಬೀದಿಯ ಇಲಿ ಮಾಮೂಲಿ, ಕೆಟ್ಟಿರುವುದು ನಾವು ಪಂಜರದಲ್ಲಿ ಸಾಕಿದ್ದು. ಬಿಳಿ ಇಲಿಯಲ್ಲಿ ಜ್ವರ ಎಷ್ಟು ಜೋರು ಅಂತ ಅಳೆದು ಎಲ್ಲ ಇಲಿಗೂ ಅದನ್ನೇ ಹೇಳಲಾಗದು.

“ಹಂಗಾದ್ರೆ ಇಲಿಗೆ ಜ್ವರಾನೇ ಬರಲ್ವಾ ಮೇಡಂ?” ಅಂತ ಗಿರಣಿಯವರು ಕೇಳಿದರು. ವೈರಸ್ ಹೊಕ್ಕೇ ಹೊಗುತ್ತದೆ, ಜಾಸ್ತಿ ಬೆಳೆಯುವುದಿಲ್ಲ ಅಷ್ಟೇ ಅಂದೆ. ಅದೂ ಮೆದುಳು ಜ್ವರ, ಹಳದಿ ಜ್ವರದಂಥ ಒಂದೇ ಗುಂಪಿನ ವೈರಸ್‌ಗೆ ಮಾತ್ರ. “ನಮ್ಮ ಮೊಮ್ಮಗಳಿಗೆ?” ಇಲಿಯ ಈ ಜೀನ್ ನಮ್ಮಲ್ಲಿಲ್ಲ, ಅವಳಿಗೆ ಒಂಬತ್ತು ತಿಂಗಳಿಗೊಂದು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಂದು ಲಸಿಕೆ ಹಾಕಿಸಿ ಅಂದೆ.