ನಿಧಾನ ಪುಟದ ಕಾರಣವನ್ನು ಲಾಗ್‌ನಲ್ಲಿ ಹುಡುಕಿದ ಬಗೆ

ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಆಗಲಿ ಅಪಾಚೆ ಆಗಲಿ, ಬಂದ ಕೋರಿಕೆಗಳನ್ನು ಸಾಲುಸಾಲಾಗಿ ದಾಖಲಿಸುವ ಆಕ್ಸೆಸ್ ಲಾಗ್‌ನ ರೂಢಿಯ ‘ಕಂಬೈನ್ಡ್’ ನಮೂನೆಯಲ್ಲಿ ಒಂದು ರಿಕ್ವೆಸ್ಟ್‌ಗೆ (ಕೋರಿಕೆಗೆ) ಎಷ್ಟು ಸಮಯ ಹಿಡಿಯಿತು ಎಂಬುದು ದಾಖಲಾಗುವುದಿಲ್ಲ. ನಾನು ನೋಡಿಕೊಳ್ಳುತ್ತಿದ್ದ ಜಾಲತಾಣದ ಪುಟಗಳು ಆಗಾಗ ತೀರಾ ತಡವಾಗಿ ತೆರೆದುಕೊಳ್ಳುತ್ತಿವೆ ಎಂಬ ದೂರು ಬಂದಾಗ, ಬೇರೇನನ್ನೂ ಮುಟ್ಟುವ ಮೊದಲು ಎನ್‌ಜಿನ್‌ಎಕ್ಸ್‌ನ ಲಾಗ್ ನಮೂನೆಗೆ ರಿಕ್ವೆಸ್ಟ್ ಟೈಮ್ ಮತ್ತು ಅಪ್‌ಸ್ಟ್ರೀಮ್‌ನ, ಅಂದರೆ ಅದರ ಹಿಂದೆ ಪುಟ ಸಿದ್ಧಪಡಿಸುವ ಅಪ್ಲಿಕೇಶನ್‌ನ, ಕನೆಕ್ಟ್, ಹೆಡರ್, ರೆಸ್ಪಾನ್ಸ್ ಟೈಮ್‌ಗಳನ್ನು ಸೇರಿಸಿದೆ. ರಿಕ್ವೆಸ್ಟ್ ಟೈಮ್ ಎಂದರೆ ಬಳಕೆದಾರರಿಗೆ ಉತ್ತರ ಕಳಿಸಿ ಮುಗಿಸುವವರೆಗಿನ ಒಟ್ಟು ಸಮಯ; ಉಳಿದ ಮೂರು, ಅಪ್ಲಿಕೇಶನ್‌ನೊಂದಿಗೆ ಸಂಪರ್ಕ ಸಿಗಲು, ಅದರ ಉತ್ತರದ ಮೊದಲ ಭಾಗ ಬರಲು, ಪೂರ್ತಿ ಉತ್ತರ ಬರಲು ಹಿಡಿದ ಸಮಯಗಳು. ಇವೆಲ್ಲ ಸೆಕೆಂಡಿನ ಲೆಕ್ಕದಲ್ಲಿ, ಮಿಲಿಸೆಕೆಂಡಿನ ನಿಖರತೆಯೊಂದಿಗೆ ಬರುತ್ತವೆ. ಅಪಾಚೆಯಲ್ಲಿ ಶೇಕಡಾ ಚಿಹ್ನೆಯೊಡನೆ ‘ಡಿ’ ಅಕ್ಷರ ಬಳಸಿದರೆ ಸಿಗುವುದು ಮೈಕ್ರೋಸೆಕೆಂಡ್. ಎರಡನ್ನೂ ಒಟ್ಟಿಗೆ ನೋಡುವವರು ಇದನ್ನು ಗಮನದಲ್ಲಿಡಬೇಕು.

ಈ ಅಂಕಿಗಳನ್ನು ಬಿಡಿಯಾಗಿ ಓದುವುದಕ್ಕಿಂತ ಅವುಗಳ ನಡುವಿನ ಅಂತರವನ್ನು ಓದಬೇಕು. ಒಂದು ಸಾಲಿನಲ್ಲಿ ರಿಕ್ವೆಸ್ಟ್ ಟೈಮ್ 8.412, ರೆಸ್ಪಾನ್ಸ್ ಟೈಮ್ 0.190 ಎಂದಿತ್ತು. ಅಪ್ಲಿಕೇಶನ್ ತನ್ನ ಕೆಲಸವನ್ನು ಬೇಗನೆ ಮುಗಿಸಿತ್ತು. ಉಳಿದ ಸಮಯವೆಲ್ಲ ದೊಡ್ಡ ಕಡತವೊಂದು ನಿಧಾನಗತಿಯ ಸಂಪರ್ಕದಲ್ಲಿ ಬಳಕೆದಾರರನ್ನು ತಲುಪುವುದಕ್ಕೆ ಹೋಗಿತ್ತು. ಅಂಥ ಸಾಲುಗಳನ್ನು ಬದಿಗಿಟ್ಟೆ. ಸರಾಸರಿಯನ್ನೂ ನಂಬಲಿಲ್ಲ, ಸಾವಿರಾರು ಚುರುಕಾದ ರಿಕ್ವೆಸ್ಟ್‌ಗಳ ನಡುವೆ ಕೆಲವೇ ನಿಧಾನದವು ಮರೆಯಾಗಿಬಿಡುತ್ತವೆ. ಆದ್ದರಿಂದ ವಿಳಾಸವಾರು ವಿಂಗಡಿಸಿ 95ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 95 ರಿಕ್ವೆಸ್ಟ್‌ಗಳು ಯಾವ ಸಮಯದೊಳಗೆ ಮುಗಿದವೋ ಆ ಅಂಕಿ, ತೆಗೆದೆ.

ಆಗ ಕಂಡದ್ದು ವಿಚಿತ್ರವಾಗಿತ್ತು: ಡೇಟಾಬೇಸನ್ನೇ ಮುಟ್ಟದ ಹಗುರ ಪುಟಗಳೂ ಕೆಲವು ಹೊತ್ತಿನಲ್ಲಿ ಐದಾರು ಸೆಕೆಂಡ್ ತೆಗೆದುಕೊಂಡಿದ್ದವು. ಅವುಗಳ ಕನೆಕ್ಟ್ ಟೈಮ್ ಸೊನ್ನೆಗೆ ಹತ್ತಿರವಿದ್ದರೂ ಹೆಡರ್ ಟೈಮ್ ಮಾತ್ರ ರೆಸ್ಪಾನ್ಸ್ ಟೈಮ್‌ನಷ್ಟೇ ಇತ್ತು. ಸಂಪರ್ಕ ಕೂಡಲೇ ಸಿಕ್ಕಿದೆ, ಉತ್ತರದ ಮೊದಲ ಭಾಗ ಬರುವುದಕ್ಕೇ ತಡವಾಗಿದೆ ಎಂದರೆ, ಆ ರಿಕ್ವೆಸ್ಟ್‌ಗಳು ಬಿಡುವಾದ ವರ್ಕರ್‌ಗಾಗಿ (ರಿಕ್ವೆಸ್ಟ್‌ಗಳನ್ನು ನಿರ್ವಹಿಸುವ ಅಪ್ಲಿಕೇಶನ್‌ನ ಪ್ರಕ್ರಿಯೆಗಾಗಿ) ಸರತಿಯಲ್ಲಿ ಕಾದಿರಬೇಕು ಎಂಬ ಅನುಮಾನ ಬಲವಾಯಿತು. ಅವುಗಳ ಮಧ್ಯೆ 499 ಎಂಬ ಸ್ಟೇಟಸ್‌ನ ಸಾಲುಗಳೂ ಇದ್ದವು. ಉತ್ತರ ಬರುವ ಮೊದಲೇ ಬಳಕೆದಾರರ ಕಡೆಯಿಂದ ಸಂಪರ್ಕ ಕಡಿದುಹೋದಾಗ ಎನ್‌ಜಿನ್‌ಎಕ್ಸ್ ಬರೆಯುವ ಸಂಖ್ಯೆ ಅದು. ಕಾದು ಬೇಸತ್ತು ಹೊರಟುಹೋದವರು ಅದರ ಹಿಂದೆ ಇದ್ದಾರೆಂಬುದು ನನ್ನನ್ನು ಕಾಡಿತು.

ಹಾಗಾದರೆ ವರ್ಕರ್‌ಗಳನ್ನು ಹಿಡಿದಿಟ್ಟವರು ಯಾರು? ಲಾಗ್‌ನಲ್ಲಿ ನಿಧಾನವಾದ ಸಾಲುಗಳಿಗಿಂತ ಮೇಲಿದ್ದ ಸಾಲುಗಳಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ, ಏಕೆಂದರೆ ಎನ್‌ಜಿನ್‌ಎಕ್ಸ್ ಲಾಗ್ ಬರೆಯುವುದು ರಿಕ್ವೆಸ್ಟ್ ಮುಗಿದ ಮೇಲೆ. ಎಲ್ಲರಿಗಿಂತ ಮೊದಲು ಶುರುವಾಗಿ ಕೊನೆಯಲ್ಲಿ ಮುಗಿದದ್ದರ ಸಾಲು ಉಳಿದವುಗಳ ಕೆಳಗಿರುತ್ತದೆ. ಹಾಗಾಗಿ ಪ್ರತಿ ಸಾಲಿನ ವೇಳೆಯಿಂದ ರಿಕ್ವೆಸ್ಟ್ ಟೈಮ್ ಕಳೆದು, ಆರಂಭದ ವೇಳೆಯ ಪ್ರಕಾರ ಮತ್ತೆ ಜೋಡಿಸಿದೆ. ಪ್ರತಿ ಅಡಚಣೆಯ ಮುಂಚೂಣಿಯಲ್ಲೂ ವರದಿ ಇಳಿಸಿಕೊಳ್ಳುವ ಒಂದೇ ವಿಳಾಸಕ್ಕೆ ಬೆನ್ನುಬೆನ್ನಿಗೆ ಬಂದ ರಿಕ್ವೆಸ್ಟ್‌ಗಳಿದ್ದವು.

ವರದಿ ತಯಾರಿಕೆಯನ್ನು ಹಿನ್ನೆಲೆಯ ಕ್ಯೂಗೆ ವರ್ಗಾಯಿಸಿ, ಅದು ಡೇಟಾಬೇಸ್‌ನಲ್ಲಿ ಹುಡುಕುತ್ತಿದ್ದ ಕಾಲಮ್‌ಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಸೇರಿಸಿದ ಬಳಿಕ, ಪರಿಣಾಮವನ್ನು ಅಳೆಯಲು ನೋಡಿದ್ದು ವರದಿಯ ಸಾಲುಗಳನ್ನಲ್ಲ, ಆ ಹಗುರ ಪುಟಗಳ ಹೆಡರ್ ಟೈಮ್ ಅನ್ನು. ಅವು ಮತ್ತೆ ಮಿಲಿಸೆಕೆಂಡ್‌ಗಳಿಗೆ ಇಳಿದಿದ್ದವು.